ವಿಡಿಯೋ ಗೇಮಿನ ಬಾಗಿಲಲ್ಲಿ ಒಂಟಿ ಚಪ್ಪಲಿ

ಯಾರ ಮನೆಗೆ ಹೋದರೂ ಬಾಗಿಲು ತಟ್ಟುವ ಮೊದಲು ಹೊರಗೆ ಬಿಟ್ಟ ಚಪ್ಪಲಿಗಳನ್ನೊಮ್ಮೆ ನೋಡಿಕೊಳ್ಳುವುದು ನನ್ನ ಹಳೆಯ ಚಾಳಿ. ಒಳಗೆ ಎಷ್ಟು ಜನರಿದ್ದಾರೆ, ಬಂದವರು ಬೇಗ ಏಳುವವರೋ ಊಟಕ್ಕೇ ಕೂತವರೋ ಎಂಬುದನ್ನೆಲ್ಲ ಅವು ಬಾಯಿ ಬಿಡದೆಯೇ ಹೇಳಿಬಿಡುತ್ತವೆ. ನನ್ನ ಹೆಂಡತಿ ಇದಕ್ಕೆ ಪತ್ತೇದಾರಿಕೆ ಎಂದು ಹೆಸರಿಟ್ಟು ನಗುತ್ತಾಳೆ. ನಗಲಿ ಬಿಡಿ, ಈ ವಿದ್ಯೆ ಕಲಿಸಿದ ಗುರುಕುಲ ಅವಳಿಗೇನು ಗೊತ್ತು? ಅದು ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬಾಗಿಲಿಗೆ ಗೋಣಿತಾಟಿನ ಪರದೆ ಇಳಿಬಿಟ್ಟಿದ್ದ ಗುರುಬಸಣ್ಣನ ವಿಡಿಯೋ ಗೇಮ್ ಅಂಗಡಿ.

ತೊಂಬತ್ತರ ದಶಕದ ಕೊನೆಯ ಮಾತು. ಅಂಗಡಿ ಎಂದರೆ ಒಂದೇ ಕೋಣೆ, ಅದರೊಳಗೆ ಆಳೆತ್ತರದ ಎರಡು ಮರದ ಪೆಟ್ಟಿಗೆ. ಒಂದರಲ್ಲಿ ಕರಾಟೆ ಕಾಳಗ, ಇನ್ನೊಂದರಲ್ಲಿ ವಿಮಾನಗಳ ಗುಂಡಿನ ಮಳೆ. ಗುರುಬಸಣ್ಣನ ತಂದೆ ಅದೇ ಕೋಣೆಯಲ್ಲಿ ವಿಭೂತಿ, ಊದುಬತ್ತಿ ಮಾರುತ್ತಿದ್ದವರು. ಮಗ ಸರಕು ಬದಲಿಸಿದನೇ ಹೊರತು ಸಂಪ್ರದಾಯ ಬಿಡಲಿಲ್ಲ. ಸೋಮವಾರ ಬಂತೆಂದರೆ ಎರಡೂ ಪೆಟ್ಟಿಗೆಗಳ ಹಣೆಗೆ ಮೂರು ಬೆರಳಿನ ವಿಭೂತಿ ಬೀಳುತ್ತಿತ್ತು, ಕರಾಟೆ ವೀರರು ಆ ಪಟ್ಟೆಗಳ ಕೆಳಗೆ ವಾರವಿಡೀ ಭಕ್ತಿಯಿಂದ ಹೊಡೆದಾಡುತ್ತಿದ್ದರು. ಹಾಗಾಗಿ ಚಪ್ಪಲಿ ಹೊರಗೇ ಬಿಡಬೇಕು ಎಂಬುದು ಅಲ್ಲಿನ ಕಟ್ಟಳೆ. ಬರಿಗಾಲಲ್ಲಿ ನಿಂತು ಹಿಡಿಕೆ ಮುಟ್ಟಿದರೆ ಒಮ್ಮೊಮ್ಮೆ ಕೈ ಜುಮ್ಮೆನ್ನುತ್ತಿತ್ತಾದ್ದರಿಂದ ನಿಲ್ಲಲು ಒಂದೊಂದು ಹಲಗೆಯನ್ನೂ ಹಾಕಿದ್ದ. ಕೂಡ್ಲಿಗಿಯಲ್ಲಿ ನಾಲ್ಕು ಪೆಟ್ಟಿಗೆ ಇವೆ, ಹರಪನಹಳ್ಳಿಯಲ್ಲಿ ಸ್ಟೇರಿಂಗ್ ಹಿಡಿದು ಕಾರು ಓಡಿಸುವ ಆಟವೇ ಇದೆ ಎಂದು ರಜೆಗೆ ಬಂದ ಹುಡುಗರು ಜಂಬ ಕೊಚ್ಚಿದಾಗ, ನಾವು ಹೊಟ್ಟೆಕಿಚ್ಚನ್ನು ಒಳಗೇ ನುಂಗಿಕೊಂಡು, "ಅವಕ್ಕ ವಿಭೂತಿ ಹಚ್ಚತಾರೇನಲೇ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆವು.

ಈಗ ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಆ ಪರದೆ ಸರಿಸಿ ಒಳಗೆ ಕಾಲಿಡುವುದೆಂದರೆ ನಮ್ಮೂರ ಅಪ್ಪಂದಿರಿಗೆ ಮರ್ಯಾದೆಯ ಪ್ರಶ್ನೆ. ಹುಡುಗರ ಮುಂದೆ ಕೂಗಾಡುವುದೂ ಅವರಿಗೆ ಒಗ್ಗದು. ಹೀಗಾಗಿ ಅವರೆಲ್ಲ ಮಾತಾಡಿಕೊಂಡವರಂತೆ ಒಂದೇ ಉಪಾಯ ಮಾಡುತ್ತಿದ್ದರು. ಹೊರಗೇ ನಿಂತು ಮಗನ ಚಪ್ಪಲಿಯನ್ನು ಗುರುತಿಸಿ, ಜೋಡಿಯಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಸುಮ್ಮನೆ ಮನೆಗೆ ನಡೆದುಬಿಡುತ್ತಿದ್ದರು. ಆಟ ಮುಗಿಸಿ ಹೊರಬಂದ ಮಗ, ಉಳಿದ ಒಂದನ್ನು ಕೈಯಲ್ಲಿ ಹಿಡಿದು ಇಡೀ ಓಣಿಯನ್ನು ದಾಟಿ ಹೋಗಬೇಕು. ಮೂಲೆಯಲ್ಲಿ ಮಂಡಕ್ಕಿ, ಮಿರ್ಚಿ ಮಾರುವ ಶರಣಮ್ಮ ಬಾಣಲೆಯಿಂದ ತಲೆಯೆತ್ತಿ, "ಯಾಕಪಾ, ಇನ್ನೊಂದು ಕಾಲು ಎಲ್ಲಿ ಬಿಟ್ಟು ಬಂದಿ?" ಎಂದು ಕೇಳದೆ ಯಾರನ್ನೂ ಬಿಡುತ್ತಿರಲಿಲ್ಲ. ಅದರ ಮುಂದೆ ಮನೆಯಲ್ಲಿ ಬೀಳುವ ಪೆಟ್ಟು ಏನೂ ಅಲ್ಲ.

ನನ್ನ ಚಪ್ಪಲಿ ಮಾತ್ರ ಯಾವಾಗಲೂ ಜೋಡಿಯಾಗಿಯೇ ಇರುತ್ತಿತ್ತು. ಅಪ್ಪ ಬಸ್ ಡ್ರೈವರ್. ವಾರದಲ್ಲಿ ಎರಡು ದಿನ ಮನೆಗೆ ಬಂದರೂ ಆ ಎರಡು ದಿನ ನಿದ್ದೆಗೇ ಮೀಸಲು. ಅವ್ವ ಹೊಲಿಗೆ ಯಂತ್ರದ ಮುಂದೆ ಕೂತು ಮಂದಿಯ ಜಂಪರು ಹೊಲಿಯುತ್ತ, ನಾನು ಟ್ಯೂಷನ್ನಿಗೆ ಹೋಗಿದ್ದೇನೆಂದು ನಂಬಿಕೊಂಡಿದ್ದಳು. "ನೀನ ಪುಣ್ಯವಂತಲೇ, ನಿನ್ನ ಕೇಳೋರ ಇಲ್ಲ" ಎಂದು ಗೆಳೆಯರು ಕರುಬುತ್ತಿದ್ದರು. ಮೊದಮೊದಲು ನನಗೂ ಅದು ಹೆಮ್ಮೆಯೆನಿಸಿತ್ತು. ಆದರೆ ಒಬ್ಬೊಬ್ಬರೇ ಒಂಟಿ ಚಪ್ಪಲಿ ಹಿಡಿದು ಮನೆಯ ದಾರಿ ಹಿಡಿದು, ಕೋಣೆಯಲ್ಲಿ ಕಡೆಗೆ ನಾನೊಬ್ಬನೇ ಉಳಿದಾಗ, ಕೇಳುವವರಿಲ್ಲ ಎಂಬ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ ಅಡಗಿ ಕೂತ ಮಗುವನ್ನು ಹುಡುಕಲು ಯಾರೂ ಬರದಿದ್ದರೆ ಅದು ಎಂಥ ಆಟ ಹೇಳಿ? ಆಟದ ನಡುವೆ ಪರದೆ ಸರಿಸಿ ನನ್ನ ಚಪ್ಪಲಿ ನೋಡಿಕೊಳ್ಳುವುದು ರೂಢಿಯಾಯಿತು. ಕದ್ದಾರೆಂಬ ಭಯಕ್ಕಲ್ಲ. ನನಗೂ ಯಾರಾದರೂ ಬರಬೇಕಿತ್ತು.

ಒಂದು ಸಂಜೆ ಹೊರಗೆ ಬಂದು ನೋಡುತ್ತೇನೆ, ಕೆಂಪು ಬಾರು ಹಾಕಿಸಿದ ನನ್ನ ನೀಲಿ ಹವಾಯಿ ಚಪ್ಪಲಿ ಒಂದೇ ಇದೆ! ಅಂದು ಅಪ್ಪ ಮನೆಯಲ್ಲಿದ್ದ ದಿನ. ಉಳಿದದ್ದನ್ನು ಕೈಯಲ್ಲಿ ಮೇಲೆತ್ತಿ ಹಿಡಿದು, ಶರಣಮ್ಮನಿಗೆ ಕಾಣಲೆಂದೇ ಅವಳ ಒಲೆಯ ಪಕ್ಕದಲ್ಲಿ ಹಾದು, ಮನೆಗೆ ಓಡಿದೆ. ನಮ್ಮ ಮನೆಯ ಕಟ್ಟೆಯ ಮೇಲೆ ಇನ್ನೊಂದು ಚಪ್ಪಲಿ ಕೂತಿತ್ತು. ಒಳಗೆ ಅಪ್ಪ ಮುಖ ತೊಳೆದು ಚಾ ಕುಡಿಯುತ್ತಿದ್ದ. "ಬಂದೇನಪಾ?" ಎಂದ, ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಆ ಒಂದು ಮಾತಿನಲ್ಲಿ ನಾನು ಸಿಟ್ಟು, ಕ್ಷಮೆ, ಮಮತೆ ಎಲ್ಲವನ್ನೂ ಓದಿಕೊಂಡೆ. ಅಂದಿನಿಂದ ಆಟದ ಚಟ ತಾನಾಗಿ ಇಳಿಯಿತು. ಮುಂದೆ ಅಪ್ಪ ತೀರಿಕೊಳ್ಳುವವರೆಗೂ ಆ ಸಂಜೆಯ ಬಗ್ಗೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೆಲವನ್ನು ಕೇಳಿದರೆ ಅವು ಸಣ್ಣವಾಗುತ್ತವೆ ಎಂದುಕೊಂಡಿದ್ದೆ.

ಹೋದ ತಿಂಗಳು ಕೊಟ್ಟೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ಈಗ ಗುರುಬಸಣ್ಣನ ಮಗ ಮೊಬೈಲ್ ಕವರು ಮಾರುತ್ತಾನೆ. ಹಿಂದಿನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಗುರುಬಸಣ್ಣ ಗಟ್ಟಿಯಾಗಿಯೇ ಇದ್ದ. ಹಳೆಯದನ್ನು ನೆನೆಯುತ್ತ, ಅಪ್ಪ ಬಂದು ಚಪ್ಪಲಿ ಎತ್ತಿಕೊಂಡು ಹೋದ ಕಥೆಯನ್ನು ನಾನು ಅಭಿಮಾನದಿಂದ ಹೇಳಿದೆ. ಅವನು ಎಲೆಯಡಿಕೆಯನ್ನು ದವಡೆಗೆ ಸರಿಸಿ ನಕ್ಕ.

"ನಿಮ್ಮಪ್ಪ ಎಲ್ಲಿ ಬಂದಿದ್ದನೋ? ಮನ್ಯಾಗ ಗೊರಕಿ ಹೊಡೀತಿದ್ದ. ನಾನ ಒಯ್ದು ನಿಮ್ಮ ಕಟ್ಟಿ ಮ್ಯಾಲ ಇಟ್ಟು ಬಂದಿದ್ದೆ. ಎಲ್ಲಾ ಹುಡುಗರ್ಗೂ ಯಾರಾರ ಬರ್ತಿದ್ರು. ನೀನೊಬ್ಬ ಪರದೆ ಸರಿಸಿ ಸರಿಸಿ ಹೊರಗ ನೋಡ್ತಿದ್ದಿ. ನನಗ ನೋಡಾಕ ಆಗಲಿಲ್ಲ."

ಗೆಳೆಯರೇ, ಇಪ್ಪತ್ತೈದು ವರ್ಷ ಆ ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿಕೊಂಡಿದ್ದೆ. ಈಗ ಅವನನ್ನು ಅಲ್ಲಿಂದ ಇಳಿಸಬೇಕಾಗಿ ಬಂತು. ದಣಿದು ಮಲಗಿದ್ದವನು ಆಗಷ್ಟೇ ಎದ್ದು, ಎದುರಿಗೆ ಕಂಡ ಮಗನನ್ನು ಬಂದೇನಪಾ ಎಂದು ಕೇಳಿದ್ದ, ಅದರಲ್ಲಿ ಬೇರೇನೂ ಇರಲಿಲ್ಲ. ಆದರೂ ಅಪ್ಪನ ಮೇಲೆ ಮುನಿಸು ಬರಲಿಲ್ಲ. ಹುಡುಗರು ಹೆಚ್ಚು ಹೊತ್ತು ನಿಂತಷ್ಟೂ ಅಂಗಡಿ ನಡೆಯುತ್ತಿದ್ದ ಮನುಷ್ಯನೊಬ್ಬ, ಕೇಳುವವರಿಲ್ಲದ ಗಿರಾಕಿಯನ್ನು ಮನೆಗೆ ಕಳಿಸಲು ತಾನೇ ಅಪ್ಪನ ಕೆಲಸ ಮಾಡಿದ್ದ. ಅಂದು ನನ್ನನ್ನು ಹುಡುಕಿ ಯಾರೋ ಬಂದಿದ್ದರು ಎಂಬುದಂತೂ ಸುಳ್ಳಾಗಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೊರಗೆ ಬಂದೆ. ಹೊಸ್ತಿಲಾಚೆ ನನ್ನ ಚಪ್ಪಲಿ ಒಂದೇ ಇತ್ತು. ಬಾಗಿಲ ಸಂದಿಯಲ್ಲಿ ಪುಟ್ಟ ಮೊಮ್ಮಗಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಿಸಕ್ಕೆಂದಳು.

ಒಳಗಿನಿಂದ ಗುರುಬಸಣ್ಣನ ದನಿ ಬಂತು: "ರೊಟ್ಟಿ ಬಡಿಯಾಕತ್ಯಾರ, ಉಂಡ ಹೋಗು."

ನಾನು ಆ ಒಂಟಿ ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟು, ಕೈ ತೊಳೆಯಲು ಒಳಗೆ ಹೋದೆ.