ಪೈಪು ಮುಟ್ಟಿದ ಸಸಿಗಳು

ಆ ಬೀದಿಯಲ್ಲಿ ಕೋಲಕ್ಕನ ಮನೆ ಯಾವುದೆಂದು ಕೇಳಿ ನೋಡಿ, ತೊದಲು ಮಾತಿನ ಮಗುವೂ ಕೈ ಮಾಡಿ ತೋರಿಸುತ್ತದೆ. ಹೆಸರು ಕೇಳಿ ಜಗಳಗಂಟಿ ಅಂದುಕೊಳ್ಳಬೇಡಿ. ಅವಳ ಕೋಲು ಇಂದಿನವರೆಗೆ ಯಾರ ಬೆನ್ನಿನ ಮೇಲೂ ಬಿದ್ದದ್ದಿಲ್ಲ. ಅದರ ಉದ್ದಕ್ಕೂ ಹಳೆಯ ಹತ್ತಿಬಟ್ಟೆ ಸುತ್ತಿದೆ. ಬೆಳಗಾದರೆ ಸಾಕು, ಮನೆ ಹಿಂದಿನ ನರ್ಸರಿಗೆ ಹೋಗಿ ಟ್ರೇಗಳಲ್ಲಿರುವ ಟೊಮೆಟೊ ಸಸಿಗಳ ತಲೆಯ ಮೇಲೆ ಅದನ್ನು ಹಗುರವಾಗಿ ಎಳೆಯುತ್ತಾಳೆ, ಮಕ್ಕಳ ತಲೆ ಬಾಚಿದ ಹಾಗೆ.

ಮೊದಲು ಹೀಗಿರಲಿಲ್ಲ. ಗಾರ್ಮೆಂಟ್ಸ್ ಕೆಲಸ ಬಿಟ್ಟು ನರ್ಸರಿ ಹಾಕಿದ ಮೊದಲ ವರ್ಷ ಸಸಿಗಳನ್ನು ಅಂಗೈಯಲ್ಲಿಟ್ಟು ಸಾಕಿದಳು. ತಲೆ ಮೇಲೆ ನೆರಳಿನ ಬಲೆ, ಹೊತ್ತುಹೊತ್ತಿಗೆ ನೀರು. ಸಸಿಗಳೇನೋ ಕಣ್ಣು ತುಂಬುವಂತೆ ಬೆಳೆದವು. ಆದರೆ ಕೊಂಡುಹೋದವರ ಬಯಲಿನಲ್ಲಿ ಮೊದಲ ಬಿಸಿಗಾಳಿಗೇ ಅಂಗಾತ ಮಲಗಿಬಿಟ್ಟವು. "ಅವಳ ಸಸಿ ನೋಡೋಕೆ ಚೆಂದ, ನೆಡೋಕಲ್ಲ" ಅನ್ನುವ ಮಾತು ಎಲ್ಲೆಡೆ ಹಬ್ಬಿತು. ಗಿರಾಕಿಗಳು ಅತ್ತ ತಲೆ ಹಾಕುವುದನ್ನೇ ಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಹೊಲಿಗೆ ಮಿಷನ್ನಿನ ಮುಂದೆ ಮತ್ತೆ ಹೋಗಿ ಕೂರುತ್ತಿದ್ದರು. ಇವಳು ನೆಟ್ಟಗೆ ತಂಗಿಯ ಮನೆಗೆ ನಡೆದಳು. ತಂಗಿ ಗಿಡಗಳ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು.

"ನಾನೇನು ತಪ್ಪು ಮಾಡ್ದೆ ಹೇಳು."

"ಮುದ್ದು ಜಾಸ್ತಿಯಾಯ್ತು ಕಣಕ್ಕಾ. ಭಾವನಿಗೆ ಮಾಡಬೇಕಾದ ಉಪಚಾರನೆಲ್ಲ ಸಸಿಗೆ ಮಾಡಿದ್ದೀಯ."

"ತಮಾಷೆ ಆಮೇಲೆ."

"ಕೇಳು ಹಾಗಾದ್ರೆ. ನೀರು ಕಮ್ಮಿಯಾದಾಗ ಗಿಡ ತನ್ನೊಳಗೆ ಒಂದು ಹಾರ್ಮೋನು ಹೆಚ್ಚಿಸ್ಕೊಳ್ಳುತ್ತೆ, ಅಬ್ಸಿಸಿಕ್ ಆಮ್ಲ ಅಂತ. ಅದು ಎಲೆಯಲ್ಲಿರೋ ಚಿಕ್ಕ ಚಿಕ್ಕ ಬಾಯಿಗಳನ್ನ ಮುಚ್ಚಿಸುತ್ತೆ, ಒಳಗಿನ ನೀರು ಆಚೆ ಹೋಗಲ್ಲ. ಅಷ್ಟಕ್ಕೇ ಸುಮ್ಮನಿರಲ್ಲ. ಮಲಗಿರೋ ಜೀನುಗಳನ್ನೂ ಎಬ್ಬಿಸುತ್ತೆ, ಏಳ್ರೋ, ಮನೆಗೆ ಕಷ್ಟ ಬಂತು ಅಂತ. ಅವು ಎದ್ದು ಗಿಡ ಕಾಯೋ ಪ್ರೋಟೀನುಗಳನ್ನ ಮಾಡಿಸ್ತವೆ. ಒಂದ್ಸಲ ಎದ್ದು ಅಭ್ಯಾಸ ಆದವು ಮುಂದಿನ ಸಲ ಬೇಗ ಏಳ್ತವೆ. ನಿನ್ನ ಸಸಿಗಳಲ್ಲಿ ಎಲ್ಲಾ ಗೊರಕೆ ಹೊಡೀತಾ ಇದ್ವು."

"ಮತ್ತೆ ಗಾಳಿಗೇನು ಮಾಡ್ಲಿ?"

"ದಿನಾ ಸವರು, ಗಾಳಿ ಸವರಿದ ಹಾಗೆ. ಉದ್ದ ಎಳೆಯೋ ಹಾರ್ಮೋನು ತಗ್ಗುತ್ತೆ, ಕಾಂಡ ಗಿಡ್ಡಕ್ಕೆ, ಗಟ್ಟಿಗೆ ಬರುತ್ತೆ."

ಅವತ್ತಿನಿಂದ ಕೋಲು ಬಂತು. ಸಸಿ ಕೊಡುವ ಮುಂಚಿನ ವಾರ ನೆರಳು ತೆಗೆದು, ಎಲೆ ಕೊಂಚ ಜೋತು ಬೀಳುವ ತನಕ ನೀರು ತಡೆದು, ಆಮೇಲೆ ಒಂದಿಷ್ಟೇ ಕೊಟ್ಟು ಹದ ಮಾಡುವುದೂ ಬಂತು. ಅದನ್ನು ಕಂಡರೆ ಅವಳ ಅತ್ತೆಗೆ ಮಾತ್ರ ಕರುಳು ಚುರ್ ಅನ್ನುತ್ತಿತ್ತು. "ಬಾಯಿಲ್ಲದ ಜೀವಗಳನ್ನ ನೀರು ಕೊಡದೆ ಸಾಯಿಸ್ತಾಳೆ ಮಹರಾಯ್ತಿ" ಎಂದು ಪಕ್ಕದ ಮನೆಗೆ ಕೇಳುವಂತೆಯೇ ಗೊಣಗುತ್ತಿದ್ದರು.

ಆಗ ದೊಡ್ಡ ತೋಟದವರು ಬಂದರು. ಮೊದಲ ವರ್ಷ ಎಲ್ಲರಿಗಿಂತ ಹೆಚ್ಚು ಸಸಿ ಕಳೆದುಕೊಂಡವರು ಅವರೇ. "ಇದೊಂದು ಸಲ ನೋಡ್ತೀನಮ್ಮ. ಮತ್ತೆ ಮಲಗಿದ್ರೆ ನಾನೂ ಬರಲ್ಲ, ಬರೋರನ್ನೂ ಬಿಡಲ್ಲ" ಅಂದರು. ಇದು ಕೈತಪ್ಪಿದರೆ ನರ್ಸರಿಯ ಬಾಗಿಲು ಮುಚ್ಚುವುದೇ ಸೈ ಎಂದು ಕೋಲಕ್ಕನಿಗೆ ಗೊತ್ತಿತ್ತು.

ಹದ ಮಾಡುವ ವಾರ ಮುಗಿಯುತ್ತ ಬಂದಾಗ ಅವಳ ಕಣ್ಣಿಗೆ ಏನೋ ಚುಚ್ಚಿತು. ಹಿಂದಿನ ಸಾಲಿನ ಸಸಿಗಳು ಗಿಡ್ಡ, ಕಡುಹಸಿರು. ಮುಂದಿನ ಸಾಲಿನವು ಮಾತ್ರ ಕುತ್ತಿಗೆ ಉದ್ದ ಮಾಡಿಕೊಂಡು ತಳತಳ ಅನ್ನುತ್ತಿದ್ದವು. ಬಗ್ಗಿ ನೋಡಿದರೆ ಟ್ರೇಗಳ ಕೆಳಗೆ ನೆಲ ಒದ್ದೆ. ಮೂಲೆಯಲ್ಲಿದ್ದ ನೀರಿನ ಪೈಪು ಎಳೆದು ನೋಡಿದಳು. ಪೈಪು ಎಲ್ಲಿಗೆ ಮುಗಿಯಿತೋ ಆ ತಳತಳವೂ ಅಲ್ಲಿಗೇ ಮುಗಿದಿತ್ತು, ಗೆರೆ ಕೊರೆದ ಹಾಗೆ.

"ಅತ್ತೇ! ನಾನು ಪೇಟೆಗೆ ಹೋದಾಗ ನೀರು ಹಾಕಿದ್ರಾ?"

"ಜೋತು ಬಿದ್ದಿದ್ವು ಕಣೇ, ಕಣ್ಣಲ್ಲಿ ನೋಡೋಕಾಗ್ಲಿಲ್ಲ. ಹಾಳಾದ ಪೈಪು ಗಿಡ್ಡ, ಇಲ್ದಿದ್ರೆ ಎಲ್ಲಾದಕ್ಕೂ ಹಾಕ್ತಿದ್ದೆ."

ಕೋಲಕ್ಕ ಬೈಯಲಿಲ್ಲ. ಬೈದರೆ ಸಸಿ ಹದವಾಗುವುದಿಲ್ಲವಲ್ಲ.

ಮರುದಿನ ಬೆಳಿಗ್ಗೆ ತೋಟದವರ ಗಾಡಿ ಬಂದು ನಿಂತಿತು. ಇಳಿದವರೇ ಮುಂದಿನ ಸಾಲಿಗೆ ಕೈ ತೋರಿಸಿದರು. "ಆಹಾ! ಮೊದಲು ಇವನ್ನ ಹತ್ತಿಸಿ."

"ಇವು ಇವತ್ತಿಲ್ಲ ಯಜಮಾನ್ರೇ. ಹಿಂದಿನ ಸಾಲಿನವನ್ನ ತಗೊಂಡು ಹೋಗಿ. ಇವು ಮುಂದಿನ ವಾರ."

"ಆ ಕುಳ್ಳಗಳನ್ನಾ? ಏನಮ್ಮಾ, ಚೆನ್ನಾಗಿರೋದನ್ನ ಯಾರಿಗೆ ಎತ್ತಿಟ್ಟಿದ್ದೀಯ?"

ಹಿಂದಿನಿಂದ ಗಂಡ ಪಿಸುಗುಟ್ಟಿದ. "ಕೇಳಿದ್ದನ್ನ ಕೊಟ್ಟು ಕಳಿಸ್ಬಾರ್ದಾ? ಬಂದ ಗಿರಾಕಿನ ಯಾಕೆ ಓಡಿಸ್ತೀಯ?"

"ಇವತ್ತು ಕೊಟ್ರೆ ನಗ್ತಾ ಹೋಗ್ತಾರೆ. ಆಮೇಲೆ ಉಗಿಯೋಕೆ ಬರ್ತಾರೆ. ಉಗಿಸ್ಕೊಳ್ಳೋಳು ನಾನು" ಎಂದವಳೇ ಎರಡೂ ಬಗೆಯ ಒಂದೊಂದು ಟ್ರೇ ಎತ್ತಿಕೊಂಡು ತಾರಸಿ ಹತ್ತಿದಳು. ಎರಡಕ್ಕೂ ಒಂದೇ ಬಿಸಿಲು, ಒಂದೇ ಗಾಳಿ. "ಕಾಫಿ ಕುಡೀರಿ. ಬಿಸಿಲು ಏರಿದ ಮೇಲೆ ಯಾವುದು ಬೇಕೋ ನೀವೇ ಹೇಳಿ."

ಬಿಸಿಲು ಏರಿತು. ಉದ್ದದವು ಹಿಂಡದೆ ಒಣಗಲು ಹಾಕಿದ ಬಟ್ಟೆಯಂತೆ ಟ್ರೇಯ ಅಂಚಿಗೆ ಜೋತುಬಿದ್ದವು. ಕುಳ್ಳಗಳು ಎಲೆಯನ್ನು ಒಂಚೂರು ಮಡಚಿಕೊಂಡವು ಅಷ್ಟೆ, ನಿಂತಲ್ಲೇ ನಿಂತವು. ತೋಟದವರು ಅವುಗಳ ಮೇಲೆ ಅಂಗೈ ಆಡಿಸಿದರು, ಬಗ್ಗಿಸಿ ಬಿಟ್ಟರು. ಸಸಿಗಳು ಹಾಗೇ ಎದ್ದು ನಿಂತವು.

ಅಷ್ಟರಲ್ಲಿ ಅತ್ತೆ ಚೊಂಬು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ಕೋಲಕ್ಕ ಅವರ ಕೈ ಹಿಡಿದುಕೊಂಡಳು. "ತಾಳಿ ಅತ್ತೆ. ಈಗ ಒಳಗೆ ಮಲಗಿದ್ದ ಜೀನುಗಳು ಒಂದೊಂದಾಗಿ ಏಳ್ತಾ ಇರ್ತವೆ. ಏಳೋಕೆ ಬಿಡಿ."

ತೋಟದವರು ಹಿಂದಿನ ಸಾಲಿನವನ್ನೇ ಹತ್ತಿಸಿಕೊಂಡು ಹೊರಟರು. "ಉಳಿದದ್ದು ಮುಂದಿನ ವಾರ ಸಿಗುತ್ತೋ?"

"ಸಿಗುತ್ತೆ."

ಜೋತುಬಿದ್ದವನ್ನು ನೆರಳಿಗಿಳಿಸಿ, ಒಂದಿಷ್ಟು ನೀರು ಚಿಮುಕಿಸಿದ ಮೇಲೆ ಸಂಜೆಗೆ ಒಂದೊಂದೇ ತಲೆ ಎತ್ತಿದವು. ಅತ್ತೆ ಟ್ರೇಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿಯೇ ನೋಡಿದರು. "ಸತ್ತಿಲ್ಲ ಕಣೇ!" ಅಂದರು. ಆಮೇಲೆ ಎದ್ದು ಪೈಪನ್ನು ಸುತ್ತಿ ತಮ್ಮ ಕೈಗೂ ಎಟುಕದ ಮೊಳೆಗೆ, ಮಗನನ್ನು ಕರೆದು, ನೇತುಹಾಕಿಸಿದರು.

ಆ ವಾರ ಬಿಸಿಗಾಳಿ ಎದ್ದಿತು. ಕೋಲಕ್ಕ ದಿನವೂ ಬಾಗಿಲಲ್ಲಿ ನಿಂತು ದಾರಿ ನೋಡಿದಳು. ಹೇಳಿದ ವಾರಕ್ಕೆ ಸರಿಯಾಗಿ ತೋಟದವರ ಗಾಡಿ ಬಂತು, ಅದರ ಹಿಂದೆ ಇನ್ನೊಂದು ಗಾಡಿಯೂ ಬಂತು.

"ಮಲಗಿದ್ವಾ?" ಗಾಡಿ ನಿಲ್ಲುವ ಮೊದಲೇ ಕೇಳಿದಳು.

"ಮಲಗಿದ್ರೆ ಪಕ್ಕದ ಹೊಲದವರನ್ನ ಯಾಕೆ ಕರ್ಕೊಂಡ್ ಬರ್ತಿದ್ದೆ?"

ನರ್ಸರಿಯೊಳಗೆ ಅತ್ತೆ ಕೋಲು ಹಿಡಿದು ಉಳಿದ ಟ್ರೇಗಳನ್ನು ಸವರುತ್ತಿದ್ದರು. "ಏಳ್ರೋ ಸೋಮಾರಿಗಳಾ, ಗಾಡಿ ಬಂತು." ತೋಟದವರು ಟ್ರೇ ಒಂದನ್ನು ಗಾಜಿನ ಸಾಮಾನಿನಂತೆ ಎತ್ತಿಕೊಂಡದ್ದು ಕಂಡು ಅವರಿಗೆ ತಡೆಯಲಾಗಲಿಲ್ಲ.

"ಗಟ್ಟಿಯಾಗೇ ಹಿಡ್ಕೊಳ್ಳಿ, ಏನೂ ಆಗಲ್ಲ" ಅಂದರು. "ನನ್ನ ಸೊಸೆ ಬೆಳೆಸಿದ್ದು."