ಒಂದು ಗಂಟೆಯ ಪರೀಕ್ಷೆ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಕೆಟ್ಟ ಕಂಪ್ಯೂಟರನ್ನು ಹೊತ್ತು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದವರಿಗೆಲ್ಲ ಅವನು ‘ಒಂದ್ನಿಮಿಷ, ನೋಡ್ಬಿಡ್ತೀನಿ’ ಎನ್ನುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಒಂದ್ನಿಮಿಷ’ ಆಗಿಬಿಟ್ಟ. ಅದರಲ್ಲಿ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಹದಿನೇಳನೇ ವಯಸ್ಸಿಗೆ ರೇಡಿಯೊ ರಿಪೇರಿ ಕಲಿತವನು, ಆಮೇಲೆ ಟಿವಿಗೆ ಕೈ ಹಾಕಿ, ಕೊನೆಗೆ ಕಂಪ್ಯೂಟರಿಗೆ ಬಂದು ನಿಂತಿದ್ದ. ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆ ಅವನ ಲೋಕ. ಉದ್ದನೆಯ ಬೆಂಚು, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮೂರು ನಾಲ್ಕು ಯಂತ್ರಗಳು, ಬಿಸ್ಕತ್ತಿನ ಡಬ್ಬಿಗಳ ತುಂಬ ಸ್ಕ್ರೂಗಳು. ಮದುವೆಯ ವಿಷಯ ಮುಂದಕ್ಕೆ ಹೋಗುತ್ತ ಹೋಗುತ್ತ ಮರೆತೇಹೋಗಿತ್ತು. ಮಧ್ಯಾಹ್ನದ ಊಟಕ್ಕೆ ಎರಡು ಬೀದಿ ದಾಟಿ ಅಕ್ಕನ ಮನೆಗೆ ಹೋಗುತ್ತಿದ್ದ.

ಅಕ್ಕನ ಮನೆಯ ಮುಂಭಾಗವೇ ಸ್ಟುಡಿಯೊ. ಭಾವ ಫೋಟೊಗ್ರಾಫರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಕ್ಯಾಮೆರಾ ಹಿಡಿಯಲಿಲ್ಲ. ಪಾಸ್‌ಪೋರ್ಟ್ ಫೋಟೊ ತೆಗೆಯಲು ಒಬ್ಬಳು ಹುಡುಗಿಯನ್ನು ಇಟ್ಟುಕೊಂಡು, ತಾನು ಭಾವ ಬಿಟ್ಟುಹೋದ ಬೀರುವಿನ ಮುಂದೆ ಕೂತಳು. ಬೀರುವಿನ ತುಂಬ ಮೂವತ್ತು ವರ್ಷದ ನೆಗೆಟಿವ್‌ಗಳು. ಹಿಂದಿನ ಗೋಡೆಯ ತೇವಕ್ಕೆ ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು, ಅಂಚು ಸುರುಟಿ ಹುಳಿವಾಸನೆ ಬರುತ್ತಿತ್ತು. ಒಂದೊಂದನ್ನೇ ಒರೆಸಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಬೇಕು, ಬೂಷ್ಟು ಉಳಿದವಕ್ಕೂ ಹರಡದಂತೆ ಸ್ಕ್ಯಾನ್ ಆದ ನೆಗೆಟಿವನ್ನು ಎಸೆಯಬೇಕು. ಇದು ಅವಳೇ ಹಾಕಿಕೊಂಡ ಕೆಲಸ.

ಆದರೆ ಅವಳ ಕಂಪ್ಯೂಟರ್ ಹಳೆಯದು, ಆಮೆಯ ನಡಿಗೆ. ಒಂದು ಚಿತ್ರದ ಗೀರು ಅಳಿಸುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು. ಹೊಸದು ತಗೊಳ್ಳೋಣ ಎಂದವಳನ್ನು ತಮ್ಮನೇ ತಡೆದ. ಇದನ್ನೇ ಕುದುರೆ ಮಾಡಿಕೊಡುತ್ತೇನೆ, ನಾನಿರುವಾಗ ಹೊಸದು ಯಾಕೆ ಎಂದ. ಯಂತ್ರ ತಯಾರಿಸಿದವರು ಪ್ರೊಸೆಸರಿಗೂ ಮೆಮೊರಿಗೂ ಇಂತಿಷ್ಟು ವೇಗ ಎಂದು ಗೆರೆ ಎಳೆದಿರುತ್ತಾರೆ. ಆ ಗೆರೆ ದಾಟಿಸಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಒಂದು ಚಳಿಯ ಬೆಳಿಗ್ಗೆ ಅವನು ಎರಡರ ವೇಗವನ್ನೂ ಏರಿಸಿ, ಯಂತ್ರದ ಬೆವರಿಳಿಸುವ ಒಂದು ಪ್ರೋಗ್ರಾಂ ಹಾಕಿ, ಕಿಟಕಿ ತೆರೆದಿಟ್ಟು, ಸರಿಯಾಗಿ ಒಂದು ಗಂಟೆ ನೋಡಿದ. ಪರದೆ ನಿಲ್ಲಲಿಲ್ಲ. ಯಂತ್ರ ತಾನಾಗಿ ಆರಲಿಲ್ಲ.

“ಬಂಡೆ ಇದ್ದ ಹಾಗಿದೆ ಅಕ್ಕಾ, ಕಣ್ಮುಚ್ಚಿ ಕೆಲಸ ಮಾಡು” ಎಂದ.

ಅವಳು ಎರಡು ವರ್ಷ ಹಾಗೆಯೇ ಕೆಲಸ ಮಾಡಿದಳು. ಹನ್ನೊಂದು ಸಾವಿರ ಚಿತ್ರಗಳಾದವು. ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆದಿಟ್ಟಳು. ಬೀರು ಖಾಲಿಯಾಯಿತು.

ಆ ಬೇಸಿಗೆಯಲ್ಲಿ ಒಬ್ಬ ಬಸ್ ಡ್ರೈವರ್ ಬಂದ. ಹೋದ ತಿಂಗಳು ಅಪ್ಪ ತೀರಿಕೊಂಡರು, ತಾನು ಮಗುವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಇದೇ ಸ್ಟುಡಿಯೊದಲ್ಲಿ ನಿಂತು ಫೋಟೊ ತೆಗೆಸಿದ್ದರಂತೆ, ಮನೆಯಲ್ಲಿದ್ದದ್ದು ಕಳೆದುಹೋಗಿದೆ ಎಂದ. ಅಕ್ಕನಿಗೆ ಆ ಚಿತ್ರ ನೆನಪಿತ್ತು. ಸಂಭ್ರಮದಿಂದ ತೆರೆದಳು. ಪರದೆಯಲ್ಲಿ ಚಿತ್ರದ ಮೇಲಿನ ಅರ್ಧ ಬಂತು. ಉಳಿದರ್ಧ ಬೂದಿಬಣ್ಣ. ಪ್ರತಿ ತೆಗೆದಿಟ್ಟ ಡಿಸ್ಕಿನಲ್ಲೂ ಅದೇ ಬೂದಿ.

ತಮ್ಮ ಓಡಿಬಂದ. ನೂರು ಚಿತ್ರ ತೆರೆದು ನೋಡಿದರೆ ಹತ್ತು ಹನ್ನೆರಡು ಹಾಗೆಯೇ ಇದ್ದವು. ಕೆಲವು ಹರಿದು ಓರೆಯಾಗಿ ಅಂಟಿಸಿದಂತೆ, ಕೆಲವಕ್ಕೆ ಮುಖದ ಮೇಲೆ ಹಸಿರು ಪಟ್ಟೆ. ತಾನು ವೇಗ ಏರಿಸಿದ್ದು ಅವನಿಗೆ ನೆನಪಾಯಿತು. ಆದರೂ ಬಾಯಿ ತಾನಾಗಿ ಹೇಳಿತು, ಡಿಸ್ಕ್ ಹಾಳಾಗಿದೆ ಅಕ್ಕಾ ಎಂದು.

ಅವಳು ತಡಮಾಡದೆ ನಂಬಿದಳು. ನಂಬಿದ್ದಷ್ಟೇ ಅಲ್ಲ, ತಪ್ಪನ್ನು ಎತ್ತಿ ತನ್ನ ತಲೆಯ ಮೇಲೆಯೇ ಹೊತ್ತುಕೊಂಡಳು. ಒಂದು ಸಲ ಗುಡಿಸುವಾಗ ವೈರ್ ಕಿತ್ತುಬಂದಿತ್ತು, ಅದರಿಂದಲೇ ಇರಬೇಕು ಎಂದಳು. ಡ್ರೈವರನ ಮುಂದೆಯೂ ಅದನ್ನೇ ಹೇಳಿ ಕ್ಷಮೆ ಕೇಳಿದಳು. ತಮ್ಮ ಪಕ್ಕದಲ್ಲೇ ನಿಂತಿದ್ದ.

ಯಂತ್ರವನ್ನು ತನ್ನ ಕೋಣೆಗೆ ಹೊತ್ತು ತಂದು, ಎರಡು ವರ್ಷದ ಹಿಂದೆ ಮಾಡಬೇಕಾಗಿದ್ದನ್ನು ಆಗ ಮಾಡಿದ. ಮೆಮೊರಿಯ ಮೂಲೆ ಮೂಲೆಗೂ ಅಂಕೆ ಬರೆದು ತಿರುಗಿ ಓದಿ ತಾಳೆ ನೋಡುವ ಪರೀಕ್ಷೆ ಹಾಕಿದ. ಮೊದಲ ಸುತ್ತಿನಲ್ಲಿ ತಪ್ಪಿಲ್ಲ. ಎರಡನೆಯದರಲ್ಲೂ ಇಲ್ಲ. ಕಿಟಕಿ ಮುಚ್ಚಿದ. ಮಧ್ಯಾಹ್ನದ ಧಗೆಗೆ ಕೋಣೆ ಕಾದಿತ್ತು. ಮೂರನೇ ಸುತ್ತಿನಲ್ಲಿ, ಪರೀಕ್ಷೆ ಶುರುವಾಗಿ ಎರಡು ಗಂಟೆ ಐವತ್ತು ನಿಮಿಷಕ್ಕೆ, ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ವೇಗವನ್ನು ಮೊದಲಿನ ಗೆರೆಗೆ ಇಳಿಸಿ ಅದೇ ಬಿಸಿಯಲ್ಲಿ ಎರಡು ದಿನ ಓಡಿಸಿದ. ಒಂದು ಸಾಲೂ ಬರಲಿಲ್ಲ. ಡಿಸ್ಕನ್ನೂ ಪರೀಕ್ಷಿಸಿದ, ಅದು ಗಟ್ಟಿಮುಟ್ಟಾಗಿತ್ತು. ನಿಂತುಹೋಗುವ ಯಂತ್ರ ಕೆಟ್ಟಿದೆ ಎಂದು ತಾನೇ ಹೇಳುತ್ತದೆ. ಇದು ನಿಲ್ಲದೆ, ನಗುನಗುತ್ತ, ಬಿಸಿ ಏರಿದಾಗಲೆಲ್ಲ ಕೋಟಿಗಟ್ಟಲೆ ಅಂಕೆಗಳಲ್ಲಿ ಒಂದನ್ನು ತಪ್ಪಾಗಿ ಬರೆದುಕೊಟ್ಟಿತ್ತು. ಅಕ್ಕ ಪ್ರತಿ ತೆಗೆದದ್ದೂ ಆ ತಪ್ಪನ್ನೇ.

ಹತ್ತೊಂಬತ್ತು ದಿನ ಅವನು ಸುಮ್ಮನಿದ್ದ. ಊಟಕ್ಕೆ ಹೋಗುತ್ತಿದ್ದ, ತಿಂದು ಬರುತ್ತಿದ್ದ. ಅಕ್ಕ ಯಾವ ಯಂತ್ರವನ್ನೂ ಮುಟ್ಟುವುದನ್ನು ಬಿಟ್ಟಿದ್ದಳು. ಮಿಕ್ಸಿಯ ಪ್ಲಗ್ಗನ್ನು ಕೂಡ ಸ್ಟುಡಿಯೊದ ಹುಡುಗಿಯನ್ನು ಕರೆದು ಹಾಕಿಸುತ್ತಿದ್ದಳು. ಇಪ್ಪತ್ತನೆಯ ದಿನ ಅದನ್ನು ಕಣ್ಣಾರೆ ಕಂಡಾಗ ಅವನಿಗೆ ತಡೆಯಲಾಗಲಿಲ್ಲ.

“ಅಕ್ಕಾ, ಡಿಸ್ಕ್ ಕೆಟ್ಟಿಲ್ಲ. ವೈರ್ ಕಿತ್ತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾನು ಸ್ಪೀಡ್ ಜಾಸ್ತಿ ಮಾಡಿದ್ನಲ್ಲ, ಅದರಿಂದ ಆಗಿದ್ದು. ಸರಿಯಾಗಿ ಪರೀಕ್ಷೆ ಮಾಡ್ಲಿಲ್ಲ ನಾನು.”

ಅಕ್ಕ ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

“ಎಷ್ಟು ಹೊತ್ತು ನೋಡಿದ್ದೆ?”

“ಒಂದು ಗಂಟೆ.”

“ನಿಮ್ಮ ಭಾವ ಒಂದು ಫೋಟೊಗೆ ಲೈಟ್ ಸರಿ ಮಾಡೋಕೇ ಅಷ್ಟು ಹೊತ್ತು ತಗೋತಿದ್ರು ಕಣೋ” ಎಂದಳು. ಮತ್ತೆ ನಲ್ಲಿ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು: “ನಾನು ಆ ಡ್ರೈವರ್ ಹತ್ರ ಕೈಮುಗಿದು ನಿಂತಿದ್ದಾಗ ನಿನಗೆ ಗೊತ್ತಿತ್ತಾ?”

ಅನುಮಾನ ಇತ್ತು ಎಂದ. ಅವಳು ತೊಳೆದ ತಟ್ಟೆಯನ್ನು ಒರೆಸಿ ಇಟ್ಟಳು. ಬೈದಿದ್ದರೆ ಹಗುರಾಗುತ್ತಿದ್ದ.

ಡ್ರೈವರನ ಮನೆಗೆ ಅವನೊಬ್ಬನೇ ಹೋಗಿ ನಿಜ ಹೇಳಿದ. ಡ್ರೈವರ್ ಉಳಿದಷ್ಟನ್ನಾದರೂ ಮುದ್ರಿಸಿ ಕೊಡಿ ಎಂದ. ಅಪ್ಪ ಎತ್ತರದ ಆಳು, ಹಾಗಾಗಿ ಅವರ ಹಣೆ ಮತ್ತು ಎರಡು ಕಣ್ಣು ಬೂದಿಯಿಂದ ತಪ್ಪಿಸಿಕೊಂಡಿದ್ದವು. ಅಮ್ಮ ಗಿಡ್ಡ, ಅವರದು ಬೈತಲೆ ಮಾತ್ರ ಉಳಿದಿತ್ತು. ಮುದ್ರಿಸಿ ತಂದುಕೊಟ್ಟ ಅದನ್ನೇ ಡ್ರೈವರ್ ಎರಡು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಅಕ್ಕ ತಮ್ಮ ಇಬ್ಬರೂ ಕೂತು ಹನ್ನೊಂದು ಸಾವಿರ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದರು. ಐದು ತಿಂಗಳು ಹಿಡಿಯಿತು. ಹಾಳಾದವು ಸಾವಿರದ ಇನ್ನೂರ ನಲವತ್ತು. ಅರ್ಧ ಮುಖ ನೋಡಿಯೇ ಅಕ್ಕ ಇದು ಬೇಕರಿಯವರ ಮಗಳು, ಇದು ಪೋಸ್ಟ್‌ಮ್ಯಾನ್ ತಂಗಿ ಎಂದು ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಅದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ.

ಅವನ ಕೆಲಸದ ರೀತಿಯೇ ಬದಲಾಯಿತು. ಆಟಕ್ಕೆಂದೋ ಹಾಡಿನ ಕೆಲಸಕ್ಕೆಂದೋ ವೇಗ ಹೆಚ್ಚಿಸಿಕೊಂಡ ಯಂತ್ರ ತಂದು, ಇದು ಸ್ಟೇಬಲ್ ಆಗಿದೆಯಾ ನೋಡಿ ಎಂದವರಿಗೆ ನಾಲ್ಕು ದಿನ ಬಿಟ್ಟು ಬನ್ನಿ ಎನ್ನುತ್ತಿದ್ದ. ಮೊದಲು ಮೆಮೊರಿಯ ಪರೀಕ್ಷೆ, ಒಂದು ಇಡೀ ದಿನ. ಆಮೇಲೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿಗೆ ಕೊಟ್ಟು, ಒಂದು ಉತ್ತರ ತಪ್ಪಿದರೂ ವೇಗ ಇಳಿಸುವುದು. ಆಮೇಲೆ ಗ್ರಾಫಿಕ್ಸ್ ಕಾರ್ಡಿಗೂ ಒಟ್ಟಿಗೇ ಕೆಲಸ ಹಚ್ಚಿ, ಕಿಟಕಿ ಮುಚ್ಚಿ, ಡಬ್ಬದ ಒಳಗೆ ಧಗೆ ಏರಿಸಿ ನೋಡುವುದು. ಬರೀ ದುಡಿಸಿದರೆ ಸಾಲದು, ಸುಮ್ಮನೆ ಕೂರಿಸಿಯೂ ನೋಡಬೇಕು. ಎಷ್ಟೋ ಯಂತ್ರಗಳು ಭಾರ ಹೊತ್ತಾಗ ತಡೆದುಕೊಂಡು, ಭಾರ ಇಳಿಸಿದಾಗ ಮುಗ್ಗರಿಸುತ್ತವೆ. ಪೂರ್ತಿ ಆರಿಸಿ, ತಣ್ಣಗಾದ ಮೇಲೆ ಹೊತ್ತಿಸಬೇಕು. ನಿದ್ದೆ ಮಾಡಿಸಿ ಎಬ್ಬಿಸಬೇಕು. ದೊಡ್ಡ ಫೈಲುಗಳನ್ನು ಹತ್ತಾರು ಸಲ ನಕಲು ಮಾಡಿಸಿ, ಮೂಲಕ್ಕೂ ನಕಲಿಗೂ ಒಂದಕ್ಷರ ವ್ಯತ್ಯಾಸ ಇದೆಯೇ ಎಂದು ತಾಳೆ ನೋಡಬೇಕು. ಯಂತ್ರ ಗುಟ್ಟಾಗಿ ತಿದ್ದಿಕೊಂಡ ತಪ್ಪುಗಳ ಪಟ್ಟಿ ಅದರೊಳಗೇ ಇರುತ್ತದೆ, ಅದನ್ನು ತೆಗೆದು ಓದಬೇಕು. ಎಲ್ಲದರಲ್ಲೂ ಪಾಸಾದ ಮೇಲೂ ಅವನು ವೇಗವನ್ನು ಒಂದು ಮೆಟ್ಟಿಲು ಕೆಳಗಿಳಿಸಿಯೇ ಕೊಡುತ್ತಿದ್ದ. ಈಗಂತೂ ಗಟ್ಟಿ ತಾನೇ ಎಂದು ಕೇಳಿದರೆ, ಈ ನಾಲ್ಕು ದಿನದಲ್ಲಿ ತಪ್ಪು ಸಿಕ್ಕಿಲ್ಲ ಎನ್ನುವನೇ ಹೊರತು ಹೌದು ಎನ್ನುತ್ತಿರಲಿಲ್ಲ.

ಇಂಥ ಉತ್ತರ ಯಾರಿಗೆ ಬೇಕು? ಬೀದಿಯ ತುದಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡುವ ಅಂಗಡಿ ಬಂತು. ಒಂದ್ನಿಮಿಷನಿಗೆ ತಲೆ ಕೆಟ್ಟಿದೆ, ಹೆಸರು ನಾಲ್ಕುದಿನ ಅಂತ ಬದಲಾಯಿಸಿಕೊಳ್ಳಲಿ ಎಂದು ಕೆಳಗಿನ ಟೈಲರ್ ನಕ್ಕ. ಬೆಂಚಿನ ಮೇಲೆ ಯಂತ್ರಗಳು ಎರಡಾದವು, ಆಮೇಲೆ ಒಂದಾಯಿತು. ಕೆಲವು ವಾರ ಒಂದೂ ಇರುತ್ತಿರಲಿಲ್ಲ.

ಬಿಡುವಾದ ಹೊತ್ತಿನಲ್ಲಿ ಅವನು ಪಟ್ಟಿ ಹಿಡಿದು ಮನೆ ಮನೆ ತಿರುಗಿದ. ನಿಮ್ಮ ಹಳೆಯ ಫೋಟೊ ನನ್ನಿಂದ ಹಾಳಾಗಿದೆ, ನಿಮ್ಮ ಹತ್ತಿರ ಅದರ ಪ್ರಿಂಟ್ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ಸ್ಕ್ಯಾನ್ ಮಾಡಿ ತಂದುಕೊಡುತ್ತೇನೆ ಎನ್ನುತ್ತಿದ್ದ. ಕೆಲವರು ಕೂರಿಸಿ ಆಲ್ಬಂ ತೆಗೆದರು. ಕೆಲವರಿಗೆ ಅವನು ಏನು ಹೇಳುತ್ತಿದ್ದಾನೆ ಎಂಬುದೇ ತಿಳಿಯಲಿಲ್ಲ. ಮೂರು ವರ್ಷದಲ್ಲಿ ಇನ್ನೂರ ಹನ್ನೊಂದು ಚಿತ್ರ ತಿರುಗಿ ಸಿಕ್ಕವು. ತಂದದ್ದನ್ನು ಅಕ್ಕ ಮರುಮಾತಿಲ್ಲದೆ ಜಾಗಕ್ಕೆ ಸೇರಿಸುತ್ತಾಳೆ. ಊಟಕ್ಕೆ ಈಗಲೂ ಬಡಿಸುತ್ತಾಳೆ, ಇನ್ನೊಂದು ಸ್ವಲ್ಪ ಹಾಕಲಾ ಎಂದು ಮಾತ್ರ ಕೇಳುವುದಿಲ್ಲ.

ಕಳೆದ ವಾರ ಅವನು ಮೂರು ಬಾಗಿಲು ತಟ್ಟಿದ. ಎರಡು ಮನೆಗಳಿಗೆ ಬೇರೆಯವರು ಬಂದಿದ್ದರು, ಹಿಂದಿನವರು ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ. ಮೂರನೆಯ ಮನೆಯ ಮುದುಕಿ ಫೋಟೊ ತೋರಿಸಿದಳು, ಆದರೆ ನಿನ್ನ ಕೈಗೆ ಕೊಡುವುದಿಲ್ಲ ಎಂದಳು. ಅವನು ಒತ್ತಾಯ ಮಾಡಲಿಲ್ಲ. ಬಾಗಿಲಲ್ಲೇ ನಿಂತು ನೋಡಿ, ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ.