ಲಡಾವನ್‌ಗೆ ಊಟದ ಕರೆ

ಸತ್ತವರ ಪೆಟ್ಟಿಗೆ ತಟ್ಟಿ, ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆಯದಿದ್ದರೆ ಅವರು ಹಸಿದೇ ಹೋಗುತ್ತಾರೆ ಎನ್ನುತ್ತಾರೆ ನಮ್ಮ ಲಂಪಾಂಗ್ ಕಡೆಯವರು. ಲಡಾವನ್ ಪೆಟ್ಟಿಗೆಯ ಮುಂದೆ ಅವಳಪ್ಪ ಪ್ರಯೂನ್ ಹೊತ್ತುಹೊತ್ತಿಗೆ ಅಂಟಕ್ಕಿ ಅನ್ನ, ಸುಟ್ಟ ಮೆಣಸಿನಕಾಯಿ ಚಟ್ನಿ ಇಟ್ಟು ತಟ್ಟುತ್ತಿದ್ದ.

"ಸೊಂಬಾತ್, ಏಳು ಮಗನೇ. ಉಣ್ಣು ಬಾ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಹೆಸರಿಗೆ ಬದುಕಿದ್ದಾಗಲೇ ತಿರುಗಿ ನೋಡದವಳು ಈಗ ಬಂದಾಳೇ? ಸಾಲದ್ದಕ್ಕೆ ಪೆಟ್ಟಿಗೆ ಮುಂದೆ ಇಟ್ಟಿದ್ದ ಫೋಟೋದಲ್ಲಿ ಯಾವನೋ ಕ್ರಾಪಿನ ಶಾಲಾ ಹುಡುಗ!

ಲಡಾವನ್ ನನ್ನ ಹಾಗೆಯೇ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳು. ಚಿಯಾಂಗ್ ಮಾಯ್‌ನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಮದುಮಗಳಿಗೆ ತುರುಬು ಕಟ್ಟುವುದರಲ್ಲಿ ಅವಳದು ಎತ್ತಿದ ಕೈ, ಬಾಯಿ ಮಾತ್ರ ಕತ್ತರಿ. ಗುದದ್ವಾರದಲ್ಲಿ ನೋವು ಶುರುವಾದಾಗ ದೊಡ್ಡಾಸ್ಪತ್ರೆಗೆ ಹೋದಳು. ತುಂಬಿದ ಹಾಲ್‌ನಲ್ಲಿ ಗುರುತಿನ ಚೀಟಿ ನೋಡಿ, "ಶ್ರೀಯುತ ಸೊಂಬಾತ್!" ಎಂದು ಕೂಗಿದರು. ಲಿಪ್‌ಸ್ಟಿಕ್ ಹಚ್ಚಿ ಕೂತವಳು ಅಷ್ಟು ಜನರ ಮುಂದೆ ಹೇಗೆ ಏಳುತ್ತಾಳೆ? ಡಾಕ್ಟರನ್ನು ಕಾಣದೆಯೇ ಮನೆಗೆ ಬಂದಳು. ಮತ್ತೊಮ್ಮೆ ಹೋದಾಗಲೂ ಅದೇ ಕತೆ.

"ಸತ್ರೂ ಆ ಹೆಸರಿಗೆ ಏಳಲ್ಲ ಕಣೇ ಪಿನ್," ಎನ್ನುತ್ತಿದ್ದಳು. ನಮ್ಮ ಸಣ್ಣ ಕ್ಲಿನಿಕ್ಕಿನ ಡಾಕ್ಟರ್ ವಿಲಾಯ್ ಅದು ಗಡ್ಡೆ ಎಂದು ಕಂಡುಹಿಡಿಯುವ ಹೊತ್ತಿಗೆ ಕೈ ಮೀರಿತ್ತು.

ಆಗ ವಿಲಾಯ್ ಮತ್ತಿತರ ವೈದ್ಯರು ಲೈಂಗಿಕ ಆರೋಗ್ಯದ ಒಂದು ಕೈಪಿಡಿ ಬರೆಯುತ್ತಿದ್ದರು. ನಮ್ಮಂಥವರನ್ನೂ ಮನುಷ್ಯರ ಹಾಗೆ ಕಂಡು ಚಿಕಿತ್ಸೆ ಕೊಡುವುದು ಹೇಗೆ ಎಂದು ವೈದ್ಯರಿಗೆ ಹೇಳುವ ಪುಸ್ತಕ. ಲಡಾವನ್ ಕುರ್ಚಿಗೆ ದಿಂಬು ಹಾಕಿಕೊಂಡು ಆ ಸಭೆಗಳಲ್ಲಿ ಕೂರುತ್ತಿದ್ದಳು.

"ಮೊದಲ ಪುಟದಲ್ಲೇ ಬರೀರಿ ಡಾಕ್ಟ್ರೇ. ಏನಂತ ಕರೀಬೇಕು ಅಂತ ಕೇಳಿ, ಆಮೇಲೆ ಕೂಗಿ. ಮುಟ್ಟೋಕೆ ಮುಂಚೆನೂ ಒಂದ್ ಮಾತು ಕೇಳಿ. ಅಷ್ಟು ಮಾಡಿದ್ರೆ ನಮ್ಮೋರು ಓಡಿಹೋಗಲ್ಲ."

ಹಾಗೇ ಬರೆದರು. ಕೊನೆಗೆ ಕೃತಜ್ಞತೆಯ ಪುಟ ಬಂದಾಗ ಕಚೇರಿಯ ಗುಮಾಸ್ತ ತಕರಾರು ತೆಗೆದ. ಗುರುತಿನ ಚೀಟಿಯಲ್ಲಿರುವ ಹೆಸರೇ ಆಗಬೇಕಂತೆ.

"ಹಂಗಾದ್ರೆ ನನ್ನ ಬಿಟ್ಟೇಬಿಡಿ. ಆ ಹುಡುಗ ನಿಮ್ಮ ಸಭೆಗೆ ಬಂದೇ ಇರಲಿಲ್ಲ," ಎಂದಳು. ವಿಲಾಯ್ ಜಗಳವಾಡಿ ಗೆದ್ದರು. ಪುಸ್ತಕ ಅಚ್ಚಾಗುವ ಮುಂಚೆ ಲಡಾವನ್ ಹೋಗಿಬಿಟ್ಟಳು.

ಸಂಸ್ಕಾರಕ್ಕೆ ಬಂದವರ ಕೈಗೆ ಸತ್ತವರ ನೆನಪಿಗೆ ಒಂದು ಪುಸ್ತಕ ಕೊಡುವುದುಂಟು. ಸುಡುವ ದಿನ ಬೆಳಿಗ್ಗೆ ವಿಲಾಯ್ ಆ ಕೈಪಿಡಿಯನ್ನೇ ಕಟ್ಟು ಕಟ್ಟಾಗಿ ತಂದರು, ಇನ್ನೂ ಮಸಿ ವಾಸನೆ ಹೊಡೆಯುತ್ತಿತ್ತು. ಪ್ರಯೂನ್ ಬೌದ್ಧ ವಿಹಾರದ ಮೆಟ್ಟಿಲ ಮೇಲೆ ಕೂತು, ಕನ್ನಡಕ ಏರಿಸಿ, ಕೃತಜ್ಞತೆಯ ಪುಟದ ಮೇಲೆ ಬೆರಳಾಡಿಸಿ ವಿಲಾಯ್‌ರನ್ನು ಕೇಳಿದ.

"ಇದೇನ್ ತಾಯಿ, ಎಲ್ಲಾರ ಹೆಸರೂ ಐತೆ, ನನ್ನ ಮಗಂದೇ ಇಲ್ಲ. ಇಷ್ಟು ದುಡಿಸ್ಕೊಂಡು ಮರ್ತುಬಿಟ್ರಾ?"

"ಐತೆ ದೊಡ್ಡಪ್ಪ. ನಿಮ್ಮ ಬೆರಳು ಅದರ ಮೇಲೇ ಹಾದುಹೋಯ್ತು." ನಾನೇ ತೋರಿಸಿದೆ.

ಅವನು ಒಂದೊಂದೇ ಅಕ್ಷರ ಕೂಡಿಸಿದ. "ಲ... ಡಾ... ವನ್. ಬೇರೆಯೋರಿಗೆಲ್ಲ ಮನೆತನದ ಹೆಸರೂ ಐತೆ. ಇದಕ್ಯಾಕೆ ಇಲ್ಲ?"

"ನಮ್ಮ ಮನೆ ಹೆಸರು ಹಚ್ಕೋಬೇಡ ಅಂತ ನೀವೇ ಅಂದು ಕಳಿಸಿದ್ರಲ್ಲ!"

ಬಾಯಿ ತಪ್ಪಿ ಬಂದದ್ದಲ್ಲ, ನೋಯಲಿ ಎಂದೇ ಅಂದೆ. ಮುದುಕ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡ. ಅವನ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಕೊನೆಯ ಊಟ ಇಡುವ ಹೊತ್ತಾಯಿತು. ಅನ್ನದ ಬುಟ್ಟಿ ತಂದಿಟ್ಟು, ಪೆಟ್ಟಿಗೆಗೆ ಕೆನ್ನೆ ಹಚ್ಚಿ, ಮೆಲ್ಲಗೆ ತಟ್ಟಿದ.

"ಲಡಾವನ್... ಲಡಾವನ್, ಉಣ್ಣು ಬಾ ಮಗಳೇ. ಅಪ್ಪ ಕರೀತಿದೀನಿ."

ನನ್ನ ಕಡೆ ತಿರುಗಿ ಕೇಳಿದ, "ಇಷ್ಟು ದಿನ ಉಪವಾಸಾನೇ ಇದ್ಲೇನವ್ವಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪೆಟ್ಟಿಗೆ ಎತ್ತುವವರು ಬಂದರು.